ಬೆನ್ನ ಹಿಂದಿನ ಸೂರ್ಯ

ಒಂಬತ್ತು ವರ್ಷ ನಿಮ್ಮನ್ನು ‘ರೀ’ ಎಂದೇ ಕರೆದೆ. ಈ ಪತ್ರ ಹೇಗೂ ಕಳಿಸುವುದಿಲ್ಲ, ಹಾಗಾಗಿ ಇವತ್ತು ‘ನೀನು’ ಅನ್ನುತ್ತೇನೆ.

ನಗರದ ಪಶ್ಚಿಮಕ್ಕಿರುವ ಬಡಾವಣೆಯಲ್ಲೇ ಮನೆ ಬೇಕೆಂದು ಹಟ ಹಿಡಿದವನು ನೀನು. ನಿನ್ನ ಆಫೀಸು ಅಲ್ಲಿಂದ ಎರಡು ಬೀದಿ, ನಿನ್ನ ಅಕ್ಕನ ಮನೆ ಮೂರು ಬೀದಿ. ದಿನಾ ನಗರಕ್ಕೆ ಕಾರು ಓಡಿಸಬೇಕಾದವಳು ನಾನು. ಬೆಳಿಗ್ಗೆ ಹೋಗುವಾಗ ಸೂರ್ಯ ಎದುರಿಗೆ, ಸಂಜೆ ಬರುವಾಗಲೂ ಎದುರಿಗೆ. ತಲೆ ಸಿಡಿಯುತ್ತದೆ ಎಂದರೆ, “ಬಿಸಿಲಿಗೆ ಹೆದರಿ ಯಾರಾದ್ರೂ ಮನೆ ಬದಲಾಯಿಸ್ತಾರೇನೇ?” ಎಂದು ಅಕ್ಕ ತಮ್ಮ ಇಬ್ಬರೂ ನಕ್ಕಿರಿ.

ಡೈವೋರ್ಸ್ ಆದ ಮೇಲೆ ನಾನು ಪೂರ್ವದ ಬಡಾವಣೆಗೆ ಹೋದೆ. ಮನೆ ತೋರಿಸಿದ ದಲ್ಲಾಳಿ ನೀರು, ಗಾಳಿ ಎಂದು ಶುರು ಮಾಡಿದ. “ಅದೆಲ್ಲ ಇರ್ಲಿ, ಬೆಳಿಗ್ಗೆ ಸಿಟಿಗೆ ಹೋಗೋವಾಗ ಸೂರ್ಯ ಎಲ್ಲಿರ್ತಾನೆ?” ಅಂದೆ. ಪಾಪ, ತಬ್ಬಿಬ್ಬಾದ.

ನಿನ್ನ ಆಫೀಸನ್ನೂ ನಗರಕ್ಕೆ ಸಾಗಿಸಿದರೆಂದು ಕೇಳಿ ಹಾಲು ಕುಡಿದಷ್ಟು ಸಂತೋಷವಾಗಿತ್ತು. ಇವತ್ತು ಬೆಳಿಗ್ಗೆ ಕಣ್ಣಾರೆ ಕಂಡೆ. ದೊಡ್ಡ ಸಿಗ್ನಲ್ಲಿನಲ್ಲಿ ನಮ್ಮಿಬ್ಬರ ಕಾರುಗಳು ಎದುರುಬದುರು ನಿಂತಿದ್ದವು. ನೀನು ಹಣೆಗೆ ಅಂಗೈ ಅಡ್ಡ ಹಿಡಿದು, ಮುಖ ಕಿವುಚಿಕೊಂಡು ಕೂತಿದ್ದೆ. ದೀಪ ಹಸಿರಾದದ್ದೂ ನಿನಗೆ ತಿಳಿಯಲಿಲ್ಲ. ಹಿಂದಿನವರೆಲ್ಲ ಹಾರ್ನ್ ಹೊಡೆದು ಮಾನ ತೆಗೆದರು. ನಿನ್ನ ಕಪ್ಪು ಕನ್ನಡಕ ನನ್ನ ಕಾರಿನಲ್ಲೇ ಉಳಿದಿದೆ. ಕೊಡುವುದಿಲ್ಲ. ಅನುಭವಿಸು.

ಇನ್ನೊಂದು ಮಾತು. ದೀಪ ಇನ್ನೂ ಕೆಂಪಿದ್ದಾಗಲೇ ನನ್ನ ಕೈ, ಹಳೇ ಚಾಳಿ, ತಾನಾಗಿ ಮೇಲೆದ್ದು ಬೀಸಿತ್ತು. ಸದ್ಯ, ಸೂರ್ಯ ನನ್ನ ಬೆನ್ನ ಹಿಂದಿದ್ದ. ನಿನಗೆ ಕಾಣಲಿಲ್ಲ.