ಆಕಾಶದಾಗ ಬಿಟ್ಟುಬಂದ ಅರ್ಧಾ ಕಾದಂಬರಿ

ಚಿಗಳ್ಳಿ, ತಾ. ಮುಂಡಗೋಡ
ರವಿವಾರ, ೨೧ ಫೆಬ್ರುವರಿ ೧೯೯೯

ಪ್ರೀತಿಯ ತಂಗಿ ನಿರ್ಮಲಾಗ ನಿನ್ನ ಅಕ್ಕ ನೀಲಾ ಮಾಡೂ ಆಶೀರ್ವಾದ.

ನಾವೆಲ್ಲಾ ಇಲ್ಲೆ ಆರಾಮ ಅದೇವಿ. ಹಳಿಯಾಳದಾಗ ನೀನು, ಲೋಕೇಶಪ್ಪಾರು, ನಿಮ್ಮ ಅತ್ತಿಯವರು ಆರಾಮ ಅದೀರಿ ಅಂತ ತಿಳಕೊಂಡೇನಿ. ನಿನ್ನ ಕಿವಿ ಈಗ ಹೆಂಗೈತಿ? ವಿಮಾನ ಇಳದ ಮ್ಯಾಲೂ ಗುಂಯ್ ಅಂತಿತ್ತು ಅಂತ ಬರದಿದ್ದಿ. ಕಿವ್ಯಾಗ ಹತ್ತಿ ಅರಳಿ ಇಟ್ಕೊಂಡು ಬೆಚ್ಚಗಿರು, ತಂಪು ಗಾಳ್ಯಾಗ ತಿರಗಬ್ಯಾಡ. ನಮ್ಮ ಅತ್ತಿ ಶಿವಗಂಗವ್ವಾರ ಮೊಣಕಾಲು ನೋವು ಇದ್ದದ್ದ. ಭತ್ತದ ಒಕ್ಕಲಿ ಮುಗೀತು. ಫೋನ್ ಮಾಡಬೇಕಂತಿದ್ದೆ, ಆದ್ರ ನಿಮ್ಮ ಮನ್ಯಾಗ ಮೊದಲ ನಿಮ್ಮ ಅತ್ತಿಯವರು ಫೋನ್ ಎತ್ತತಾರ. ನಾ ಹೇಳೂದು ಅವರ ಕಿವಿಗೆ ಬೀಳೂವಂಥಾದ್ದಲ್ಲ. ಅದಕ್ಕ ಕಾಗದ ಬರಿಯಾಕ ಕುಂತೇನಿ.

ನಿನ್ನ ಕಾಗದ ಬಂದು ಭಾಳ ದಿನಾತು. ಉತ್ತರ ಬರೀಲಿಲ್ಲ, ಯಾಕಂದ್ರ ನನಗ ಹೊಟ್ಟಿಕಿಚ್ಚು ಆಗಿತ್ತು. ಒಡಹುಟ್ಟಿದಾಕಿ ಮುಂದ ಮುಚ್ಚಿಡೂದು ಏನೈತಿ? ಪಂಪಿನ ಕಂಪನಿಯವರು ಲೋಕೇಶಪ್ಪಾರಂಗ ಹೆಚ್ಚು ಪಂಪು ಮಾರಿದ ಅಂಗಡಿಯವರನ್ನ ಹೆಂಡಂದಿರ ಸುದ್ದಾ ಗೋವಾದಿಂದ ದಿಲ್ಲಿಗೆ ವಿಮಾನದಾಗ ಕರಕೊಂಡು ಹೋಗ್ತಾರಂತ ನೀ ಹೇಳಿದಾಗ ನಾನು ಖರೇನ ಖುಷಿಪಟ್ಟೆ. ಆದ್ರ ಊರ ಮಂದಿ ಬಿಡಬೇಕಲ್ಲ! ನಮ್ಮ ಅತ್ತಿಯವರು ಕಟ್ಟಿ ಮ್ಯಾಲೆ ಕುಂತು ಹೋಗೋರು ಬರೋರಿಗೆಲ್ಲಾ "ನಮ್ಮ ನೀಲಾನ ತಂಗಿ ಮ್ವಾಡದ ಮ್ಯಾಲೆ ಹಾರಿ ಬಂದ್ಲು" ಅಂತ ಹೇಳಿದ್ದ ಹೇಳಿದ್ದು. ಅಂಗಳಾ ಕಸಾ ಹೊಡಿಯೂ ನೀಲಾ ಅಲ್ಲೇ ನಿಂತಾಳ ಅನ್ನೂದು ಅವರಿಗೆ ಕಾಣಸೂದಿಲ್ಲ. ಬಾಜೂ ಮನಿ ಮಾಲವ್ವ ಬಂದು ಮ್ಯಾಲಿಂದ ನಮ್ಮೂರ ಕೆರಿ ಕಾಣಸ್ತಂತೇನು ಅಂತ ಕೇಳಿದ್ಲು. "ಹೂಂ, ಕಾಣಸ್ತಂತ, ನಿನ್ನ ಎಮ್ಮಿ ನಮ್ಮ ಹೊಲಾ ಮೇಯಾಕತ್ತಿದ್ದೂ ಕಾಣಸ್ತಂತ" ಅಂದೆ. ಆಕಿ ಸರಕ್ಕನ ತಿರುಗಿ ಎಮ್ಮಿ ಹೊಡಕೊಂಡು ಬರಾಕ ಹೋದ್ಲು.

ಇಷ್ಟಾದ್ರೂ ವಿಮಾನದ್ದು ನಾ ನುಂಗಿಕೊಂಡಿದ್ದೆ, ನಿರ್ಮಲಾ. ನನ್ನ ಹೊಟ್ಟ್ಯಾಗ ಖಾರಾ ಕಲಸಿದ್ದು ನಿನ್ನ ಕಾಗದದಾಗಿನ ಒಂದ ಸಾಲು. "ಅಕ್ಕಾ, ಓದೂದ್ರಾಗ ಇಷ್ಟು ಸುಖಾ ಐತಿ ಅಂತ ನನಗ ಗೊತ್ತ ಇರಲಿಲ್ಲ." ಯವ್ವಾ! ಇದನ್ನ ನೀ ನನಗ ಹೇಳತಿ? ನಮ್ಮ ತವರೂರು ಮಳಗ್ಯಾಗ ಅಪ್ಪಾರ ಅಂಗಡಿಗೆ ಪುಡಿ ಕಟ್ಟಾಕ ರದ್ದಿ ಬರ್ತಿತ್ತಲ್ಲಾ, ಅದರಾಗಿನ ವಾರಪತ್ರಿಕಿ ಆರಿಸಿ ಆರಿಸಿ ಓದಿದಾಕಿ ಯಾರು? ಕಾದಂಬರಿ ಮುಂದಿನ ಕಂತು ಬೆಲ್ಲಾ ಸುತ್ತಿಕೊಂಡು ಯಾರದೋ ಮನಿಗೆ ಹೋಗಿಬಿಡ್ತಿತ್ತು. ಬೆಲ್ಲಾ ಒಯ್ದ ಸುಶೀಲವ್ವನ ಅಡಗಿಮನಿಗೆ ಹೋಗಿ, ಆಕಿ ಬೆಲ್ಲಾ ಡಬ್ಬಿಗೆ ಹಾಕಿಕೊಟ್ಟು, ಆ ಅಂಟಂಟ ಹಾಳಿ ಬೇಡಿ ತಂದು ಓದತಿದ್ದೆ. ಇರುವಿ ಸುದ್ದಾ ನನ್ನ ಕೂಡ ಓದತಿದ್ದುವು. ನೀ ಏನ ಮಾಡತಿದ್ದಿ? ಓದಿ ಹೇಳತೇನಿ ಬಾ ಅಂದ್ರ ಎರಡು ಸಾಲಿಗೆ ಗೊರಕಿ ಹೊಡೀತಿದ್ದಿ. ಆ ಸುಖಾ ನಂದಾಗಿತ್ತು. ಬಂಗಾರದ ಪಾಟ್ಲಿ ಬಳಿ ನೀನ ಇಟ್ಕೊ ಅಂತ ಅವ್ವನ ಮುಂದ ಬಿಟ್ಟುಕೊಟ್ಟಾಕಿ ನಾನು, ಇದನ್ನ ಮಾತ್ರ ನಾ ನಿನಗ ಕೊಟ್ಟಿರಲಿಲ್ಲ.

ಲಗ್ನ ಆಗಿ ಇಲ್ಲಿ ಬಂದ ಮ್ಯಾಲೆ ಓದೂದು ಬಿಟ್ಟಹೋತು. ಯಾರೂ ಬ್ಯಾಡ ಅನಲಿಲ್ಲ. ಅದಕ್ಕ ಯಾರ ಮ್ಯಾಲೆ ಸಿಟ್ಟು ಮಾಡಬೇಕು ಅನ್ನೂದೂ ತಿಳೀವಲ್ದು. ದನಾ, ಹೊಲಾ, ಆಳಿನ ಬುತ್ತಿ, ಮಕ್ಕಳು. ಪುಸ್ತಕ ಹಿಡದ್ರ ಕಣ್ಣು ಹತ್ತತಿದ್ದುವು. ಹಲ್ಲಿದ್ದಾಗ ಕಡಲಿ ಇಲ್ಲ, ಕಡಲಿ ಇದ್ದಾಗ ಹಲ್ಲಿಲ್ಲ ಅಂತಾರಲ್ಲಾ, ಹಂಗಾತು.

ನೀ ನೋಡಿದ್ರ ದಿಲ್ಲಿ ಬಗ್ಗೆ ನಾಕು ಸಾಲು ಬರದು, ವಿಮಾನದಾಗ ಓದಿದ ಆ ಕಾದಂಬರಿ ಬಗ್ಗೆ ಮೂರು ಹಾಳಿ ತುಂಬಿಸಿದಿ! ನೀ ಅಂಜಬಾರದಂತ ಲೋಕೇಶಪ್ಪಾರು ದಾಂಡೇಲಿ ಬಸ್ ಸ್ಟ್ಯಾಂಡಿನ್ಯಾಗ ಕೊಡಿಸಿದ ಪುಸ್ತಕ. ಗಂಡ ಬಿಟ್ಟುಹೋದ ಬಳಿಗಾರತಿ ಬಳಿ ಮಲಾರ ಹೊತ್ತು ಆ ಗಂಡನ್ನ ಊರೂರು ಹುಡುಕೂದು. ಕಡೀಕ ಒಂದು ಬಾಗಲದಾಗ ಬಳಿ ಬೇಕೇನ್ರಿ ಅನ್ನೂದು, ಒಳಗಿಂದ ಒಬ್ಬಾಕಿ ಬಂದು ಕೈ ಚಾಚೂದು, ಈಕಿ ಬಳಿ ಏರಸಾಕತ್ತಿದಾಗ ಒಳಗ ಗಂಡಸಿನ ಕೆಮ್ಮು ಕೇಳೂದು. ಅದು ಗಂಡನ ಕೆಮ್ಮಂತ ಈಕಿಗೆ ಗುರುತು ಹತ್ತತೈತಿ. ಅಷ್ಟರಾಗ ನಿನಗ ಊಟದ ತಾಟು ಬಂತು!

ಮುಂದ ನೀ ಮಾಡಿದ್ದು ನಮ್ಮ ಮನಿ ಹೆಣ್ಣುಮಕ್ಕಳು ಬಿಟ್ರ ಬ್ಯಾರೆ ಯಾರೂ ಮಾಡೂದಿಲ್ಲ. ಮುಂದಿನ ಸೀಟಿನ ಚೀಲದಾಗ ಪುಸ್ತಕ ಇಟ್ರ ಮೊಣಕಾಲು ತಾಗತೈತಿ, ವಿದ್ಯೆಗೆ ಕಾಲು ತಾಗಬಾರದು ಅಂತ ಆ ವಿಮಾನದ ಹುಡುಗೀಗೆ ಮ್ಯಾಲೆ ಇಡಾಕ ಕೊಟ್ಟಿ. ಅದೇನೋ ಬರೋಬ್ಬರಿ ಬಿಡು. ರದ್ದಿ ಹಾಳಿ ಕಾಲಿಗೆ ತಾಗಿದ್ರೂ ಅಪ್ಪಾರು ಕಣ್ಣಿಗೆ ಒತ್ತಿಕೊಳ್ಳಾಕ ಹಚ್ಚತಿದ್ರು. ಆದ್ರ ಇಳಿಯೂ ಮುಂದ ತಲಿ ಎಲ್ಲಿತ್ತವಾ ನಿಂದು? ಬ್ಯಾಗು ತಗೊಂಡಿ, ಊಟದ ಮ್ಯಾಲೆ ತಿಂದು ಉಳದ ಬಡೀಸೋಪು ಕಟ್ಟಿಕೊಂಡಿ, ಪುಸ್ತಕ ಅಲ್ಲೇ ಬಿಟ್ಟಿ! ದಾಂಡೇಲಿ ಅಂಗಡ್ಯಾಗ ಇದ್ದದ್ದು ಅದೊಂದ ಪ್ರತಿ ಅಂತ. ಮ್ಯಾಲೆ ನನಗ ಕೇಳತಿ: "ಮುಂದ ಏನಾಗಿರಬೇಕು ಅಕ್ಕಾ, ನೀನ ಹೇಳು." ಉರಿಯೂ ಹೊಟ್ಟಿಗೆ ತುಪ್ಪಾ ಸುರುವಿದಂಗಾತು. ನಿನ್ನ ಕಾಗದ ಮಡಚಿ ಗೂಡಿನ್ಯಾಗ ಇಟ್ಟು, ಈಕಿಗೆ ನಾ ಇನ್ನ ಬರಿಯೂದಿಲ್ಲ ಅಂತ ಬಾಯಿಬಿಟ್ಟು ಅಂದೆ.

ಇರಲಿ. ನಾ ಹಿಂಗ ಬರದೆ ಅಂತ ಅಳಕೋತ ಕುಂದ್ರಬ್ಯಾಡ. ಲೋಕೇಶಪ್ಪಾರಿಗೆ, ನಿಮ್ಮ ಅತ್ತಿಯವರಿಗೆ ನನ್ನ ಶರಣು ಹೇಳು. ಬಸವಣ್ಣ ನಿನ್ನ ತಂಪಾಗಿಟ್ಟಿರಲಿ.

ನಿನ್ನ ಅಕ್ಕ,
ನೀಲಾ

ತಾ.ಕ.: ನಮ್ಮೂರ ಲಗಮಪ್ಪ ಹೋರಿ ನೋಡಾಕ ಹಳಿಯಾಳಕ್ಕ ಹೊಂಟಾನ, ಬಾಗಲದಾಗ ನಿಂತು ಒದರಾಕತ್ತಾನ, ಲಗೂ ಬರೀತೇನಿ. ಸಿಟ್ಟಿಗೆ ಉತ್ತರ ಬರೀಲಿಲ್ಲ ಅಂದೆನಲ್ಲಾ, ಅದು ಪೂರ್ತಿ ಖರೆ ಅಲ್ಲ. ಸಂತಿಗೆ ಮುಂಡಗೋಡಕ್ಕ ಹೋದಾಗ ಲೈಬ್ರರಿ ಹೊಕ್ಕೆ. ಆ ಕಾದಂಬರಿ ಇತ್ತು! ನನ್ನ ಹೆಸರಿಲೆ ಕಾರ್ಡ್ ಮಾಡಿಸಿ ತಂದೆ. ಓದಿದೆ, ನಿರ್ಮಲಾ. ಸಾರು ತಳಾ ಹತ್ತಿತು. ಬೈಯಾಕ ಬಂದ ಅತ್ತಿಯವರು ನಾ ಗುಣುಗುಣು ಓದೂದನ್ನ ಕೇಳಿ "ಆ ಕೆಮ್ಮಿದಂವ ಹೊರಗ ಬಂದನೋ ಇಲ್ಲೋ, ಗಟ್ಟ್ಯಾಗಿ ಓದು" ಅಂತ ನನ್ನ ಬಾಜೂಕ ಕುಂತ್ರು. ಅಂವ ಏನ ಮಾಡಿದ, ಬಳಿಗಾರತಿ ಏನ ಮಾಡಿದ್ಲು, ಎಲ್ಲಾ ನನಗ ಗೊತ್ತೈತಿ. ಹೇಳೂದಿಲ್ಲ. ಪುಸ್ತಕ ಅರವ್ಯಾಗ ಕಟ್ಟಿ ಲಗಮಪ್ಪನ ಕೈಯಾಗ ಕೊಟ್ಟೇನಿ, ಓದಿ ತಿರುಗಿ ಕಳಿಸು. ವಿಮಾನದ ಹೊಟ್ಟಿಕಿಚ್ಚು ಆರಿಹೋಗೈತಿ ತಂಗೆವ್ವಾ, ಈಗಿನ ಹೊಟ್ಟಿಕಿಚ್ಚು ಬ್ಯಾರೆ. ನಂದು ಓದಿ ಮುಗದಹೋತು. ನಿನಗ ಇನ್ನೂ ಅರ್ಧಾ ಉಳದೈತಿ.