ಬಿಲ್ಡ್ ಮುಗೀಲಿ, ಹೇಳ್ತೀನಿ

ಮಾರ್ಚ್ 3, ಸೋಮವಾರ, ಬೆಳಿಗ್ಗೆ

ಫೋನುಗಳಿಗೆಲ್ಲ ಚಾರ್ಜ್ ಹಾಕಿದೆ. ಎರಡು ಆಂಡ್ರಾಯ್ಡ್, ಒಂದು ಒಡೆದ ಐಫೋನ್. ಅಮ್ಮ ಕೇಳಿದಳು, "ಇರೋದು ಎರಡು ಕಿವಿ, ಮೂರು ಫೋನ್ ಯಾಕೆ ನಿಂಗೆ?" ವರ್ಷಗಳಿಂದ ಇದೇ ಜೋಕು. ನಾನೂ ಪ್ರತಿ ಸಲ ನಗುತ್ತೇನೆ. ಹೊಟ್ಟೆಪಾಡು ಅಮ್ಮಾ, ಅಂದೆ. ಒಂದೇ ಆಪನ್ನು ಈ ಫೋನಿಗೊಂದು, ಆ ಫೋನಿಗೊಂದು, ಕಂಪ್ಯೂಟರಿಗೊಂದು ಅಂತ ಮಾಡಿಕೊಡುವುದು. ಒಂದೇ ಅಂಗಿಯನ್ನು ಮೂವರು ದರ್ಜಿಗಳ ಹತ್ತಿರ ಹೊಲಿಸಿದ ಹಾಗೆ. ಮೂವರೂ ನಾನೇ.

ಲಾಂಡ್ರಿ ಯಜಮಾನರ ಕರೆ. ನನ್ನ ಹಳೆಯ ಗಿರಾಕಿ, ಗಂಟಲು ದೊಡ್ಡದು. "ಹೊಸ ಐಫೋನ್ ಇರೋರೆಲ್ಲ ಬೈತಿದಾರಮ್ಮ. ನಮ್ಮ ಆಪ್ ತೆಗೆದ್ರೆ ಬರೀ ಬಿಳಿ ಪರದೆಯಂತೆ. ಬೆಳ್ಳಗೆ ಮಾಡೋದು ನನ್ನ ಕೆಲಸ, ನಿಂದಲ್ಲ!" ತಿಂಗಳ ಕೊನೆಯೊಳಗೆ ಸರಿ ಮಾಡಬೇಕಂತೆ. ಇಲ್ಲದಿದ್ದರೆ ಬೇರೆಯವರಿಗೆ ಕೊಡುತ್ತಾರಂತೆ. "ಈಗೆಲ್ಲ ಒಂದೇ ಕೋಡು ಎರಡೂ ಥರದ ಫೋನಿಗೆ ನಡೀತದಂತಲ್ಲ? ನಮ್ಮ ಷಡ್ಡಕ ಹೇಳಿದ."

ನಡೆಯುತ್ತದೆ. ಷಡ್ಡಕರಿಗೆ ಗೊತ್ತಿಲ್ಲದ್ದು ಯಾವುದಿದೆ? ಹಾಗೆ ಮಾಡಿದರೆ ಐಫೋನಿನ ಹಳೆಯ ಅರ್ಧವನ್ನು ಪೂರ್ತಿ ಎಸೆಯಬೇಕು. ಆ ಅರ್ಧ ಗೊಣಗ ಬರೆದದ್ದು.

ಆಗಲಿ ಅಂದೆ. ಇನ್ನೇನು ಅನ್ನಲಿ...

ಮಾರ್ಚ್ 5, ಬುಧವಾರ

ಗೊಣಗನ ಬಗ್ಗೆ ಬರೆಯಬಾರದು ಅಂದುಕೊಂಡಿದ್ದೆ. ಬರೆಯುತ್ತೇನೆ. ಯಾರು ಓದುತ್ತಾರೆ? ಕಂಪ್ಯೂಟರಿನಲ್ಲಿ ಬರೆದರೆ ಎಲ್ಲೋ ಬ್ಯಾಕಪ್ ಆಗಿ ಕೂರುತ್ತದೆ. ಪೆನ್ನೇ ವಾಸಿ.

ಏಳು ವರ್ಷ ಒಂದೇ ಮೇಜು. ಈ ಕಡೆ ನಾನು, ಆಂಡ್ರಾಯ್ಡ್. ಆ ಕಡೆ ಅವನು, ಐಫೋನ್. ಕಂಪನಿ ಅಂತ ಬೋರ್ಡೇನೂ ಇರಲಿಲ್ಲ. ನಮ್ಮ ಮನೆಯ ಮುಂದಿನ ಕೋಣೆ, ಎರಡು ಕುರ್ಚಿ. ಕೆಲಸ ಮಾಡುವಾಗ ಸ್ಕ್ರೀನಿನ ಜೊತೆ ಗೊಣಗುತ್ತಲೇ ಇರುತ್ತಿದ್ದ. "ಅಲ್ಲ ಮಾರಾಯ, ಈಗಷ್ಟೇ ಹೇಳಿದ್ನಲ್ಲ ನಿಂಗೆ..." ಅದಕ್ಕೇ ಗೊಣಗ. ನನ್ನ ಬಾಯಿ ನಿಲ್ಲುವುದಿಲ್ಲ ಅಂತ ಅವನು ನನಗಿಟ್ಟ ಹೆಸರು ರೇಡಿಯೊ. ಮೇಜಿನ ಅವನ ಕಡೆಯ ಕಾಲು ಗಿಡ್ಡ. ರಟ್ಟು ಮಡಚಿ ಅವನೇ ಕೊಟ್ಟಿದ್ದ ಒತ್ತು ಇನ್ನೂ ಹಾಗೇ ಇದೆ. ಅವನ ಕುರ್ಚಿಯ ಮೇಲೆ ಅಮ್ಮ ಒಣಗಿದ ಬಟ್ಟೆ ಗುಡ್ಡೆ ಹಾಕುತ್ತಾಳೆ.

ನಮ್ಮದೊಂದು ಪದ್ಧತಿ ಇತ್ತು. ಹೊಸ ಆಪ್ ಯಾವುದೇ ಇರಲಿ, ಮೊದಲ ಟೆಸ್ಟ್ ಮೆಸೇಜ್ ಒಂದೇ. ಬೇರೆಯವರು "ಟೆಸ್ಟ್ 123" ಅಂತ ಹಾಕುತ್ತಾರೆ. ನಾನು ನನ್ನ ಕಡೆಯಿಂದ "ಊಟ ಆಯ್ತಾ?" ಅಂತ ಕಳಿಸಬೇಕು. ಅವನ ಕಡೆಯ ಫೋನು ಟಿಣ್ ಅನ್ನಬೇಕು. ಅವನು "ಆಯ್ತು. ನಿಂದು?" ಅಂತ ಒತ್ತಬೇಕು. ನನ್ನದು ಟಿಣ್ ಅಂದರೆ ಎರಡೂ ಕಡೆ ಸರಿಯಾಗಿದೆ ಅಂತ. ಅಮ್ಮ ಬಾಗಿಲಲ್ಲಿ ನಿಂತು, "ಎದುರಾಬದುರು ಕೂತಿದೀರಲ್ಲೋ, ಬಾಯಿ ಏನು ಬಾಡಿಗೆಗೆ ಕೊಟ್ಟಿದೀರಾ?" ಅನ್ನುತ್ತಿದ್ದಳು.

ಅದನ್ನು ಈಗಲೂ ಬಿಟ್ಟಿಲ್ಲ. ಒಡೆದ ಐಫೋನ್ ಅವನು ಬಿಟ್ಟುಹೋದದ್ದು. ಈ ಕೈಯಲ್ಲಿ ಕೇಳುತ್ತೇನೆ, ಆ ಕೈಯಲ್ಲಿ ಉತ್ತರ ಕೊಡುತ್ತೇನೆ. ನಿನ್ನೆ "ಆಯ್ತು" ಅಂತ ಒತ್ತಿದೆ. ಆಗಿರಲಿಲ್ಲ.

ಮಾರ್ಚ್ 6, ಗುರುವಾರ, ಸಂಜೆ

ಅವನ ಅರ್ಧವನ್ನು ತೆರೆದು ಕೂತೆ. ಒಂದೊಂದೇ ಭಾಗ ಹೊಸದಾಗಿ ಬರೆಯುವುದು, ಹಳೆಯದನ್ನು ಅಳಿಸುವುದು. ಸುಲಭದ ಕೆಲಸ. ಮಧ್ಯಾಹ್ನದ ಹೊತ್ತಿಗೆ ಒಂದನ್ನೂ ಅಳಿಸಿರಲಿಲ್ಲ.

ಕೋಡು ಅವನ ಹಾಗೇ ಇದೆ. ಎಲ್ಲಕ್ಕೂ ಮೊದಲೇ ಭಯ. ನೆಟ್ ಹೋದರೆ? ಗಿರಾಕಿ ಒಂದೇ ಬಟನ್ ಎರಡು ಸಲ ಒತ್ತಿದರೆ? ವಿಳಾಸ ಬರೆಯುತ್ತಾ ಬರೆಯುತ್ತಾ ನಿದ್ದೆ ಹೋದರೆ? ಎಲ್ಲರಿಗೂ ಹಾಸಿಗೆ ಹಾಸಿಟ್ಟಿದ್ದಾನೆ, ಬಿದ್ದರೆ ಪೆಟ್ಟಾಗದ ಹಾಗೆ. ನನ್ನ ಅರ್ಧದಲ್ಲಿ ಅದೆಲ್ಲ ಇಲ್ಲ. ಬಿದ್ದವರು ಎದ್ದು ಬರಲಿ ಅನ್ನುವ ಪೈಕಿ ನಾನು.

ಎರಡು ವರ್ಷದ ಹಿಂದೆ ದೂರದ ಊರಿನ ಕಂಪನಿಯೊಂದು ಅವನನ್ನು ಕರೆಯಿತು. ತಿಂಗಳ ಸಂಬಳ, ಒಂದೇ ಪ್ಲಾಟ್‌ಫಾರ್ಮ್, ರಗಳೆ ಇಲ್ಲ. ಮೇಜಿನ ಆಚೆಯಿಂದ ಕೇಳಿದ, "ಹೋಗ್ಲಾ, ಇರ್ಲಾ? ನೀನು ಹೇಳು." ನನ್ನ ಸ್ಕ್ರೀನಿನಲ್ಲಿ ಬಿಲ್ಡ್ ಓಡುತ್ತಿತ್ತು. ಬರೆದದ್ದೆಲ್ಲ ಕೂಡಿಕೊಂಡು ಆಪ್ ಆಗುವ ಹೊತ್ತು ಅದು, ಕಾಯುವುದು ಬಿಟ್ಟು ಬೇರೇನೂ ಕೆಲಸವಿಲ್ಲ. ಆದರೂ ತಲೆ ಎತ್ತದೆ ಅಂದೆ, "ಬಿಲ್ಡ್ ಮುಗೀಲಿ, ಹೇಳ್ತೀನಿ."

ಮುಗಿಯಿತು. ಹೇಳಲಿಲ್ಲ. ಇನ್ನೊಂದು ಬಿಲ್ಡ್ ಹಾಕಿದೆ. ಒಂದು ವಾರ ಕಾದ. ಹೋದ.

"ಇರು" ಅನ್ನುವುದಕ್ಕೆ ಎಷ್ಟು ಉಸಿರು ಬೇಕಿತ್ತು? ಬೆಳಗಿನಿಂದ ಸಂಜೆಯವರೆಗೆ ಪಟಪಟ ಅನ್ನುವ ಬಾಯಿ ಇದು. ಅವನಿಲ್ಲದೆ ಮನೆ ಬಿಕೋ ಅನ್ನುತ್ತದೆ. ಬೇಕು ನನಗೆ ಅವನು. ಬರೆದೆ, ಸರಿ. ನಂಬರ್ ಇದೆ. ಬೆರಳು ಹೋಗುವುದಿಲ್ಲ.

ಮಾರ್ಚ್ 11, ಮಂಗಳವಾರ

ಅಯ್ಯಯ್ಯೋ. ಮಾನ ಹೋಯಿತು.

ಬೆಳಿಗ್ಗೆ ಹೊಸ ಕೋಡಿನ ಮೆಸೇಜ್ ಭಾಗ ಮುಗಿಸಿದೆ. ಪದ್ಧತಿಯಂತೆ "ಊಟ ಆಯ್ತಾ?" ಅಂತ ಒತ್ತಿದೆ. ನನ್ನ ಟೆಸ್ಟ್ ಫೋನು ಟಿಣ್ ಅಂತು. ಪಕ್ಕದಲ್ಲಿದ್ದ ನನ್ನ ಸ್ವಂತ ಫೋನೂ ಟಿಣ್ ಅಂತು. ಅದು ಅನ್ನಬಾರದು. ಅಡುಗೆಮನೆಯಲ್ಲಿ ಅಮ್ಮನದೂ ಟಿಣ್ ಅಂತು. "ಏನೇ, ಲಾಂಡ್ರಿಯವರು ಊಟ ಆಯ್ತಾ ಅಂತ ಕೇಳ್ತಿದಾರೆ?"

ಟೆಸ್ಟ್ ಕಿಟಕಿ ಅಂದುಕೊಂಡು ಲೈವ್ ಕಿಟಕಿಯಲ್ಲಿ ಒತ್ತಿದ್ದೆ. ಲಾಂಡ್ರಿಯ ಅಷ್ಟೂ ಗಿರಾಕಿಗಳಿಗೆ ಹೋಗಿಬಿಟ್ಟಿತ್ತು. ಎರಡೂ ಕಿಟಕಿ ಕಪ್ಪು, ನೋಡಲು ಒಂದೇ ಥರ. ಹಳೆಯ ಲ್ಯಾಪ್‌ಟಾಪಿನಲ್ಲಿ ಗೊಣಗ ಲೈವ್ ಕಿಟಕಿಗೆ ಕೆಂಪು ಬಣ್ಣ ಹಾಕಿಕೊಟ್ಟಿದ್ದ. "ಕೆಂಪು ಕಂಡ್ರೆ ಕೈ ಕಟ್ಕೋ, ರೇಡಿಯೊ." ಲ್ಯಾಪ್‌ಟಾಪ್ ಬದಲಾಯಿಸಿದಾಗ ಬಣ್ಣ ಹಾಕಿಕೊಳ್ಳಲು ನನಗೆಲ್ಲಿ ನೆನಪಿತ್ತು?

ಯಜಮಾನರು ಆಗಲೇ ಫೋನಿನಲ್ಲಿದ್ದರು. "ಏನಮ್ಮಾ ಇದು! ಬೆಳ್ಳಂಬೆಳಗ್ಗೆ ಊರಿಗೆಲ್ಲ ಊಟ ಆಯ್ತಾ ಅಂತ ಕೇಳಿದೀಯಲ್ಲ! ಇಲ್ಲ ಅಂತ ಬಂದು ನಿಂತ್ರೆ ಬಡಿಸೋರು ಯಾರು, ನಾನಾ?"

ತಪ್ಪಾಯ್ತು ಅಂದೆ. ಅವರು ಬಾಯಿಗೆ ಬಂದ ಹಾಗೆ ಅಂದರು. ಅನ್ನಿಸಿಕೊಂಡೆ. ಅಮ್ಮ ಮಾತ್ರ ಫೋನು ಕಣ್ಣಿಗೆ ಹತ್ತಿರ ಹಿಡಿದು "ಇನ್ನೂ ಇಲ್ಲ" ಅಂತ ಟೈಪ್ ಮಾಡುತ್ತಿದ್ದಳು.

ಮಾರ್ಚ್ 12, ಬುಧವಾರ

ಯಜಮಾನರು ಮತ್ತೆ ಕರೆದರು. ಇವತ್ತು ಸ್ವರ ಬೇರೆ. ಆಪಿನಲ್ಲಿ ಗಿರಾಕಿಗಳು ಅವರಿಗೆ ನೇರವಾಗಿ ಬರೆಯುವ ಒಂದು ಜಾಗ ಇದೆ. ಅದು ತುಂಬಿ ಚೆಲ್ಲುತ್ತಿದೆಯಂತೆ. ಕನ್ನಡಕ ಹಾಕಿಕೊಂಡು ಓದಿ ಹೇಳಿದರು.

"ಒಬ್ಬಳು ಕೇಳಿದಾಳೆ, ಊಟಾನೂ ಇಸ್ತ್ರಿ ಮಾಡಿಕೊಡ್ತೀರಾ ಅಂತ. ಒಬ್ಬ ತನ್ನ ತಟ್ಟೆ ಫೋಟೊ ಕಳಿಸಿದಾನೆ, ತೊಳೆದಿಲ್ಲ. ಮತ್ತೆ... ಒಬ್ರು ವಯಸ್ಸಾದೋರು ಬರೆದಿದಾರಮ್ಮ. 'ಇನ್ನೂ ಇಲ್ಲಪ್ಪ. ಕೇಳಿದ್ದಕ್ಕೆ ಸಂತೋಷ. ಇಲ್ಲಿ ಕೇಳೋರಿಲ್ಲ.'" ಯಜಮಾನರು ಕೆಮ್ಮಿದರು. "ನಾನೇ ಫೋನ್ ಮಾಡಿ ಮಾತಾಡ್ಸಿದೆ. ಬಾಯಿ ತುಂಬ ಮಾತಾಡಿದ್ರು. ಸಂಜೆ ಎರಡು ಕಂಬಳಿ ಕಳಿಸಿದ್ರು ಒಗೆಯೋಕೆ."

ಕೆಲಸ ಕೈತಪ್ಪಲಿಲ್ಲ. ಬದುಕಿದೆಯಾ ಬಡಜೀವವೇ.

ಆಮೇಲೆ ಕುತೂಹಲಕ್ಕೆ ನೋಡಿದೆ. ಹೋಗಿದ್ದು ಆಂಡ್ರಾಯ್ಡ್‌ಗಳಿಗೆ ಮಾತ್ರ. ಐಫೋನಿಗೆ ಮೆಸೇಜ್ ಕಳಿಸಬೇಕಾದರೆ ಒಂದು ಪರವಾನಗಿ ಫೈಲು ಬೇಕು, ವರ್ಷವರ್ಷ ಹೊಸದು ಮಾಡಿಸಬೇಕು. ಗೊಣಗ ಇದ್ದಾಗ ಅವನೇ ಮಾಡುತ್ತಿದ್ದ. ಈ ವರ್ಷ ನಾನು ಮರೆತಿದ್ದೆ, ಹೋದ ವಾರದ ಕೊನೆಗಷ್ಟೇ ಅವಧಿ ಮುಗಿದಿತ್ತು. ಹಾಗಾಗಿ ಆ ಕಡೆಯ "ಊಟ ಆಯ್ತಾ?"ಗಳೆಲ್ಲ ಬಾಗಿಲು ತೆರೆಯಲಿ ಅಂತ ಸರದಿಯಲ್ಲಿ ಕೂತಿವೆ. ನಾನೂರು ಚಿಲ್ಲರೆ.

ಅದರಲ್ಲಿ ಒಂದು ಅವನದು. ಈ ಆಪಿನ ಮೊದಲ ಗಿರಾಕಿ ನಾನು, ಎರಡನೆಯವನು ಅವನು. ಟೆಸ್ಟ್‌ಗೆ ಅಂತ ತನ್ನ ಸ್ವಂತ ಫೋನಿನಲ್ಲೇ ಹಾಕಿಕೊಂಡಿದ್ದ. ಈಗ ಇಟ್ಟುಕೊಂಡಿರುತ್ತಾನೆಯೇ? ಅವನಿರುವ ಊರಿನಲ್ಲಿ ಈ ಲಾಂಡ್ರಿಯೇ ಇಲ್ಲ. ಯಾವಾಗಲೋ ತೆಗೆದು ಬಿಸಾಕಿರುತ್ತಾನೆ. ಯಾರು ಇಟ್ಟುಕೊಳ್ಳುತ್ತಾರೆ, ಉಪಯೋಗವಿಲ್ಲದ್ದನ್ನು...

ಮಾರ್ಚ್ 13, ಗುರುವಾರ

ಅಮ್ಮ ಬಟ್ಟೆ ಮಡಚುತ್ತಿದ್ದಳು, ಅವನ ಕುರ್ಚಿಯ ಹತ್ತಿರ ನಿಂತು. ತಲೆ ಎತ್ತದೆ ಅಂದಳು, "ಊರಿಗೆಲ್ಲ ಊಟ ಆಯ್ತಾ ಅಂತ ಕೇಳ್ದೆ. ಕೇಳ್ಬೇಕಾದೋನಿಗೊಬ್ಬನಿಗೆ ಕೇಳೋಕಾಗಲ್ವಾ?"

"ಯಾರಿಗೆ?" ಅಂದೆ.

"ಹೂಂ, ಯಾರಿಗೆ! ನಿನ್ನನ್ನ ಹೆತ್ತಿರೋದು ನಾನು. ಅಡ್ಡಗೋಡೆ ಮೇಲೆ ದೀಪ ಇಟ್ಟ ಹಾಗೆ ಮಾತಾಡಿ ಮಾತಾಡಿ ಆ ಹುಡುಗನ್ನ ಓಡಿಸ್ದೆ."

ಹುಡುಗ! ಅವನಿಗೆ ನಲವತ್ತು. ನನಗೂ ಹತ್ತಿರ ಹತ್ತಿರ. ಜಗಳ ಆಡೋಣ ಅಂತ ಬಾಯಿ ತೆರೆದೆ. ಕಣ್ಣಲ್ಲಿ ನೀರು ಬಂತು. ಅಮ್ಮ ಟವೆಲ್ ಎಸೆದಳು. ಒಗೆದಿದ್ದು, ಬಿಸಿಲಿನ ವಾಸನೆ ಇತ್ತು.

ಮಾರ್ಚ್ 19, ಬುಧವಾರ, ಮಧ್ಯಾಹ್ನ

ಆರು ದಿನ ಬರೆಯಲಿಲ್ಲ. ಕೆಲಸ. ಹೊಸ ಆಪ್ ಎರಡೂ ಆಪ್ ಸ್ಟೋರುಗಳಲ್ಲಿ ಪಾಸಾಯಿತು. ಬಿಳಿ ಪರದೆ ಹೋಯಿತು. ಅವನ ಅರ್ಧವನ್ನು ಅಳಿಸಿದೆ. ಅಳಿಸುವ ಮುಂಚೆ ಅವನ ಆ ಹಾಸಿಗೆಗಳನ್ನೆಲ್ಲ ಹೊಸದರಲ್ಲೂ ಹಾಸಿದೆ. ಈಗ ಆಂಡ್ರಾಯ್ಡಿನವರಿಗೂ ಬಿದ್ದರೆ ಪೆಟ್ಟಾಗುವುದಿಲ್ಲ. ಕೊನೆಯ ಫೈಲೂ ಹೋಯಿತು. ಎದ್ದು ಬೀದಿಯ ತುದಿಯವರೆಗೆ ನಡೆದು ಬಂದೆ.

ಪರವಾನಗಿ ಫೈಲು ಬಂದಿದೆ. ಅದನ್ನು ಹಾಕಿದ ಕೂಡಲೇ ಸರದಿಯಲ್ಲಿ ಕೂತವೆಲ್ಲ ಹೊರಡುತ್ತವೆ. ಹಾಕುವ ಮೊದಲು ಸರದಿಯನ್ನು ಖಾಲಿ ಮಾಡಬೇಕು. ಬುದ್ಧಿ ಇರುವವರು ಯಾರಾದರೂ ಅದನ್ನೇ ಮಾಡುತ್ತಾರೆ. ಒಂದು ಸಾಲಿನ ಆಜ್ಞೆ. ಟೈಪ್ ಮಾಡಿ ಇಟ್ಟಿದ್ದೇನೆ. ಎಂಟರ್ ಒತ್ತಿಲ್ಲ.

ಅವನೊಬ್ಬನಿಗೆ ಮಾತ್ರ ಕಳಿಸಬಹುದು, ಆ ದಾರಿಯೂ ಗೊತ್ತು. ಆದರೆ ಆಗ ಕೇಳಿದ್ದು ನಾನು ಅಂತಾಗುತ್ತದೆ. ನಾನೂರು ಜನರ ಜೊತೆ ಹೋದರೆ, ಅಯ್ಯೋ ತಪ್ಪಿ ಹೋಯ್ತು, ಅನ್ನಬಹುದು. ಹೇಡಿ. ಹೌದು, ಹೇಡಿಯೇ. ಏನೀಗ?

ಅದೇ ದಿನ, ಸ್ವಲ್ಪ ಹೊತ್ತಿನ ಮೇಲೆ

ಲೈವ್ ಕಿಟಕಿಗೆ ಕೆಂಪು ಬಣ್ಣ ಹಾಕಿದೆ. ಟೈಪ್ ಮಾಡಿದ್ದ ಸಾಲನ್ನು ಅಳಿಸಿದೆ. ಪರವಾನಗಿ ಹಾಕಿದೆ. ಈ ಸಲ ಕೆಂಪು ನೋಡಿಯೇ ಒತ್ತಿದೆ.

ಹೋದವು.

ಮೇಜಿನ ಆಚೆ ಒಡೆದ ಐಫೋನು ಟಿಣ್ ಅಂತು. ಅದಕ್ಕೆ ನಾನು ಉತ್ತರ ಕೊಡಲಿಲ್ಲ.

ಮಾರ್ಚ್ 21, ಶುಕ್ರವಾರ

ಯಜಮಾನರು: "ಮತ್ತೆ ಕೇಳಿದೀಯಾ? ಐಫೋನಿನೋರಿಗೆ ಮೊನ್ನೆ ಬಂದಿರ್ಲಿಲ್ವಾ? ಸರಿ ಬಿಡು, ಪಂಕ್ತಿಭೇದ ಬೇಡ. ವಾರಕ್ಕೊಂದ್ಸಲ ಕೇಳ್ಬಿಡು, ವ್ಯಾಪಾರಕ್ಕೆ ಒಳ್ಳೇದು."

ಉತ್ತರಗಳು ಬಂದಿವೆಯಂತೆ. ಹುಷಾರಾಗಿ ಕೇಳಿದೆ, ವಿಶೇಷ ಏನಾದರೂ ಇದೆಯಾ ಅಂತ. "ಏನಿಲ್ಲ, ಒಬ್ಬ ತನ್ನ ಕೋಟು ಎಲ್ಲಿ ಅಂದಿದಾನೆ."

ಶನಿ ಭಾನು ಅಂಗಡಿ ರಜ. ಎರಡು ದಿನ ಹೇಗೆ ಕಳೆಯಲಿ.

ಮಾರ್ಚ್ 24, ಸೋಮವಾರ, ಬೆಳಿಗ್ಗೆ

ನಿನ್ನೆ ತೀರ್ಮಾನಿಸಿದ್ದೆ: ತೆಗೆದು ಬಿಸಾಕಿದ್ದಾನೆ. ಒಳ್ಳೆಯದು. ನಾನೂ ಬಿಸಾಕುತ್ತೇನೆ. ರಟ್ಟು ಕಿತ್ತು ಮೇಜನ್ನು ಅಲ್ಲಾಡಲು ಬಿಡುತ್ತೇನೆ. ಅದೇ ಕೆಲಸಕ್ಕೆ ನೆಲದ ಮೇಲೆ ಕೂತಿದ್ದಾಗ ಯಜಮಾನರ ಫೋನು.

"ಅಲ್ಲಮ್ಮಾ, ಈ ಐಫೋನಿನೋನು ಯಾರು? ಗಿರಾಕಿ ನಂಬರ್ ಎರಡು. ಎಷ್ಟು ವರ್ಷದಿಂದ ಇದಾನೋ, ಒಂದು ಕರ್ಚೀಫೂ ಕೊಟ್ಟಿಲ್ಲ ನಂಗೆ ಒಗೆಯೋಕೆ! ಈಗ ಬರೆದಿದಾನೆ."

"ಏನಂತ?" ಕಿತ್ತ ರಟ್ಟು ಕೈಯಲ್ಲೇ ಇತ್ತು.

"'ಆಯ್ತು. ನಿಂದು?' ಅಂತ. ನಂದು ಆಯ್ತೋ ಬಿಡ್ತೋ ಇವನಿಗ್ಯಾಕೆ? ಇರು, ಕೆಳಗೆ ಇನ್ನೊಂದಿದೆ, ನಿನ್ನೆ ಕಳಿಸಿದ್ದು." ಕನ್ನಡಕ ಸರಿ ಮಾಡಿಕೊಂಡ ಸದ್ದು. "'ಬಿಲ್ಡ್ ಮುಗೀತಾ, ರೇಡಿಯೊ?' ಇದೇನಮ್ಮಾ, ರೇಡಿಯೊ ರಿಪೇರಿ ಅಂಗಡಿ ಅಂದ್ಕೊಂಡಿದಾನಾ?"

ನನಗೆ ಬಂದದ್ದು ಅಂದೆ.

"ನಿಂಗಾ?" ಕನ್ನಡಕ ಮೇಜಿನ ಮೇಲಿಟ್ಟ ಸದ್ದು. "ಹಾಗಾದ್ರೆ ಬೇಗ ಹೇಳು ತಾಯಿ. ಪಾಪ, ಎಷ್ಟು ದಿನ ಕಾಯ್ತಾನೆ?" ಇಟ್ಟುಬಿಟ್ಟರು.

ಆಪ್ ತೆಗೆದು ಬಿಸಾಕಿರಲಿಲ್ಲ. ಆ ಊರಿನಲ್ಲಿ ಈ ಲಾಂಡ್ರಿಯೇ ಇಲ್ಲ. ಆದರೂ ತೆಗೆದಿರಲಿಲ್ಲ.

ರಟ್ಟನ್ನು ವಾಪಸ್ ಸಿಕ್ಕಿಸಿದೆ.

ಅದೇ ದಿನ, ಅದೇ ಬೆಳಿಗ್ಗೆ

ಲ್ಯಾಪ್‌ಟಾಪಿನಲ್ಲಿ ಬಿಲ್ಡ್ ಓಡುತ್ತಿದೆ. ಮುಗಿದಿಲ್ಲ. ಮುಗಿಯುವುದಕ್ಕೆ ಇನ್ನೂ ಹೊತ್ತಿದೆ. ಓಡಲಿ ಅದರ ಪಾಡಿಗೆ.

ಆಪಿನಿಂದ ಬೇಡ. ನಂಬರ್ ಒತ್ತಿದ್ದೇನೆ. ಎಡಗೈಯಲ್ಲಿ ಫೋನು, ಬಲಗೈಯಲ್ಲಿ ಪೆನ್ನು. ಏನಾದರೂ ಬರೆಯುತ್ತಿರದಿದ್ದರೆ ಕೈ ಇದನ್ನು ಕಟ್ ಮಾಡಿಬಿಡುತ್ತದೆ. ರಿಂಗ್ ಆಗುತ್ತಿದೆ. ಅಮ್ಮ ಬಂದಳು. ನನ್ನ ಮುಖ ನೋಡಿದಳು. ಆ ಕುರ್ಚಿಯ ಮೇಲಿನ ಬಟ್ಟೆಯನ್ನೆಲ್ಲ ಎತ್ತಿಕೊಂಡು ಒಳಗೆ ಹೋದಳು.

ಇನ್ನೂ ರಿಂಗ್. ಊಟ ಆಯ್ತಾ ಅಂತ ಕೇಳುವುದಿಲ್ಲ. ಅವತ್ತು ಹೇಳದೆ ಬಿಟ್ಟದ್ದನ್ನೇ ಮೊದಲು ಹೇಳುತ್ತೇನೆ, ಉಸಿರು ಎಳೆದುಕೊಂಡು, ಒಂದೇ ಸಲಕ್ಕೆ.

ಎತ್ತಿದ. ಗೊಣಗುತ್ತಿದ್ದಾನೆ, ಏನೋ ಬಿತ್ತು ಅಂತ, ಚಾರ್ಜರ್ರೋ ಏನೋ... ಗೊಣಗಾ, ಬಾ—