ಅಡುಗೆಮನೆಯಿಂದ ಬಂದ ಹಾಡು

ಪ್ರೀತಿಯ ಪಟಾಕಿ,

ನಮ್ಮ ಜೋಡಿಯ ಹಿಪ್ ಹಾಪ್ ಆಲ್ಬಂ ಕೊನೆಗೂ ಮುಗಿಯಿತು. ಗಂಡನಿಗೆ ವರ್ಗವಾಗಿ ನೀನು ಊರು ಬಿಟ್ಟಾಗ ಒಂದೇ ಹಾಡು ಬಾಕಿ ಇತ್ತಲ್ಲ, ಅದಕ್ಕೆ ನೀನು ಅಡುಗೆಮನೆಯಲ್ಲಿ ರೆಕಾರ್ಡ್ ಮಾಡಿ ಕಳಿಸಿದ್ದು ಸರಿಯಾಗಿ ಕೂತಿದೆ. ನಡುವೆ ಕುಕ್ಕರ್ ಕೂಗಿದೆ, ಮಗು ಅತ್ತಿದೆ. ಸ್ಟುಡಿಯೊದ ಅಣ್ಣ ತಲೆ ಚಚ್ಚಿಕೊಂಡರು.

"ಇದೇನಮ್ಮಾ, ಹಾಡೋ ಸಂಸಾರಾನೋ? ಬೇರೆ ಯಾರನ್ನಾದ್ರೂ ಕರೆಸೋಣ."

"ನಾವಿಬ್ರೇ ಶುರು ಮಾಡಿದ್ದು, ನಾವಿಬ್ರೇ ಮುಗಿಸ್ತೀವಿ" ಅಂದೆ. ಬೈಯುತ್ತಲೇ ಕೂತು, ಕುಕ್ಕರಿನ ಕೂಗನ್ನು ಬೀಟಿಗೆ ಹೊಂದಿಸಿದರು.

ಮೈಕಿನ ಮುಂದೆ ನಾನು ಈಗಲೂ ಎಡಕ್ಕೆ ಸರಿದೇ ನಿಲ್ಲುತ್ತೇನೆ. "ನಡುವೆ ಬಂದು ನಿಲ್ಲಮ್ಮಾ" ಅಂತ ಅಣ್ಣ ಗದರುತ್ತಾರೆ. ನೀನಿದ್ದಾಗ ಮೊಣಕೈಯಲ್ಲಿ ತಿವಿಯುತ್ತೀ ಅಂತ ಜಗಳ ಆಡುತ್ತಿದ್ದೆ. ಈಗ ಅಷ್ಟು ಜಾಗ ಇಟ್ಟುಕೊಂಡು ಏನು ಮಾಡಲಿ?

ಒಂದು ಮಾತು ಕೇಳಬೇಕಿತ್ತು. ನಿನ್ನ ಸಾಲುಗಳು ಮುಗಿದ ಮೇಲೂ ನೀನು ಫೋನಿನ ರೆಕಾರ್ಡಿಂಗ್ ನಿಲ್ಲಿಸಿಲ್ಲ ಕಣೇ. ನಲ್ಲಿ ತಿರುಗಿಸಿ ಪಾತ್ರೆ ತೊಳೆಯುತ್ತೀಯ. "ಅಳಬೇಡ ಬಂಗಾರ, ಈಗ ನಿನ್ ಚಿಕ್ಕಮ್ಮ ಹಾಡ್ತಾಳೆ, ಕೇಳು" ಅನ್ನುತ್ತೀಯ. ಆಮೇಲೆ ನನ್ನ ಸಾಲುಗಳನ್ನೆಲ್ಲ, ನಾನು ಉಸಿರೆಳೆಯುವ ಕಡೆಯೇ ಉಸಿರೆಳೆದು, ನೀನೇ ಹೇಳುತ್ತೀಯ. ಮಗು ಸುಮ್ಮನಾಗುತ್ತದೆ.

ಅದನ್ನು ಆಲ್ಬಮ್ಮಿನ ಕೊನೆಗೆ ಹಾಕಲೇನೇ? ಬೇಡ ಅಂದರೆ ಹಾಕುವುದಿಲ್ಲ. ಆದರೆ ಅಳಿಸು ಅಂತ ಮಾತ್ರ ಹೇಳಬೇಡ.

ನಿನ್ನ
ಗೂಬೆ